ಮಬ್ರೂಕಾ ಕೇಳಿಸಿಕೊಂಡ ಚಿತ್ರಗಳು

ಸ್ಫಾಕ್ಸ್ ಊರಿನ ನಮ್ಮ ಆಸ್ಪತ್ರೆಗೆ ಯಾರೇ ಫೋನು ಮಾಡಿದರೂ ಮೊದಲು ಕೇಳುವುದು ಮಬ್ರೂಕಾ ಕಮ್ಮೂನ್‌ಳ ದನಿ. ಹುಟ್ಟಿನಿಂದ ಕಣ್ಣಿಲ್ಲ. ನಾನೂರು ಚಿಲ್ಲರೆ ನಂಬರುಗಳು ಅವಳ ನಾಲಿಗೆಯ ತುದಿಯಲ್ಲಿವೆ. ಯಾವ ಡಾಕ್ಟರು ಯಾವ ಹೊತ್ತಿಗೆ ಕುರ್ಚಿ ಬಿಟ್ಟು ಎಲ್ಲಿ ಸಿಗರೇಟು ಸೇದುತ್ತಾರೆ ಎಂಬುದೂ ಗೊತ್ತು. ಪಕ್ಕದ ಕಿಟಕಿಯಲ್ಲಿ ಕೂತು ರೋಗಿಗಳ ಚೀಟಿ ಬರೆಯುವವಳು ನಾನು, ನಜಾತ್. ಹದಿನೆಂಟು ವರ್ಷ ಒಂದೇ ಗೋಡೆಗೆ ಒರಗಿ ಕೂತಿದ್ದೇವೆ. ಹತ್ತು ಗಂಟೆಗೆ ನಾನು ತರುವ ಹರೀಸಾ ಖಾರ ಹಚ್ಚಿದ ಮೀನಿನ ರೊಟ್ಟಿಯಲ್ಲಿ ಅರ್ಧ ಅವಳದು, ಅದೂ ಮೀನು ಹೆಚ್ಚಿರುವ ಅರ್ಧ.

ಮನೆಗೆ ಹೋದಮೇಲೆ ಅವಳು ಬರೆಯುತ್ತಾಳೆ. ಅಜ್ಜಿ ಹೇಳುತ್ತಿದ್ದ ಮದುವೆ ಹಾಡು, ಮೀನು ಮಾರುಕಟ್ಟೆಯಲ್ಲಿ ಕೇಳಿದ ಜಗಳ, ಏನಾದರೂ. ಶಾಲೆ ಬಿಡುವಾಗ ಸಿಕ್ಕ ಬ್ರೈಲ್ ಯಂತ್ರದ ಎರಡು ಕೀಲಿ ಹೋದ ಚಳಿಗಾಲ ಕಚ್ಚಿಕೊಂಡವು. ಅಷ್ಟರಲ್ಲಿ, ಅಂಗವಿಕಲರ ನೆರವಿಗೆಂದೇ ಇರುವ ಊರಿನ ಒಂದು ಸಂಘಕ್ಕೆ ಅಂಥ ಯಂತ್ರಗಳು ವಿದೇಶದಿಂದ ಬಂದಿವೆಯೆಂದು ರೇಡಿಯೋದಲ್ಲಿ ಹೇಳಿದರು. ಅರ್ಜಿ ಮಾತ್ರ ಸಂಘದ ಹೊಸ ವೆಬ್‌ಸೈಟಿನಲ್ಲೇ ಹಾಕಬೇಕು.

ಮಬ್ರೂಕಾಳ ಫೋನು ಪರದೆಯ ಮೇಲಿರುವುದನ್ನೆಲ್ಲ ಓದಿ ಹೇಳುತ್ತದೆ. ಪತ್ರಿಕೆ, ಬ್ಯಾಂಕು, ಬಸ್ಸಿನ ವೇಳೆ ಎಲ್ಲವನ್ನೂ ಅವಳು ಹಾಗೇ ತಿಳಿದುಕೊಳ್ಳುವುದು. ಸಂಘದ ಪುಟ ತೆರೆದರೆ ಅದು ಹೇಳಿದ್ದು ಇಷ್ಟೇ: "ಚಿತ್ರ. ಚಿತ್ರ. ಬಟನ್. ಬಟನ್. ಚಿತ್ರ." ಯಾವ ಬಟನ್ ಯಾತಕ್ಕೆಂದು ಹೆಸರಿಲ್ಲ. ಎರಡು ದಿನ ತಡಕಾಡಿ ಅರ್ಜಿಯನ್ನು ಹುಡುಕಿ ತುಂಬಿದಳು. ಕೊನೆಯಲ್ಲಿ, ತಾವು ಯಂತ್ರವಲ್ಲ, ಮನುಷ್ಯರೆಂದು ತೋರಿಸಲು ಕೆಳಗಿನ ಚಿತ್ರದಲ್ಲಿರುವ ಅಕ್ಷರ ನೋಡಿ ಬರೆಯಿರಿ ಎಂದು ಬಂತು.

"ನಾನು ಓದಿ ಹೇಳ್ಲಾ?" ಎಂದೆ.

"ಬೇಡ. ಕುರುಡರ ಯಂತ್ರ ಕೇಳೋಕೆ ಕಣ್ಣಿರೋರನ್ನ ಜೊತೇಲಿ ಕರ್ಕೊಂಡು ಬರ್ಬೇಕಂತೆ. ನಾಳೆ ರಜ ಹಾಕು, ಹೋಗಿ ಬರೋಣ."

ಸಂಘದ ಕಚೇರಿ ಮೂರನೆಯ ಮಹಡಿಯಲ್ಲಿತ್ತು, ಲಿಫ್ಟಿಲ್ಲ. ಗಾಲಿಕುರ್ಚಿಯವರು ಹೇಗೆ ಬರುತ್ತಾರೆಂದು ನಾನು ಕಾವಲಿನವನನ್ನು ಕೇಳಿದೆ. ಅವರು ಬರುವುದಿಲ್ಲ ಎಂದ, ಬಹಳ ಸಹಜವಾಗಿ.

ಅಧ್ಯಕ್ಷೆ ಮಾದಾಂ ಸಿಹೆಮ್ ಎದ್ದು ಬಂದು ಮಬ್ರೂಕಾಳ ತಲೆ ಸವರಿದರು. ಐವತ್ತೆರಡು ವರ್ಷದ ಹೆಂಗಸಿನ ತಲೆ. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ಇವರು ಕಾಫಿ ಕುಡೀತಾರಾ?"

"ಕುಡೀತಾರೆ," ಅಂದಳು ಮಬ್ರೂಕಾ. "ಸಕ್ಕರೆ ಬೇಡವಂತೆ."

ಅವಳು ಮೂವತ್ತೊಂದು ತಪ್ಪುಗಳ ಪಟ್ಟಿಯನ್ನು ಎರಡು ಹಾಳೆಗಳಲ್ಲಿ ತಯಾರಿಸಿ ತಂದು ಮಾದಾಂ ಕೈಗಿಟ್ಟಳು. ಆ ಅಕ್ಷರದ ಒಗಟನ್ನು ತೆಗೆಯಿರಿ, ಬಟನ್‌ಗಳಿಗೆ ಹೆಸರು ಕೊಡಿ, ಚಿತ್ರದಲ್ಲಿ ಏನಿದೆಯೆಂದು ನಮ್ಮ ಫೋನು ಓದುವಂತೆ ವಿವರಣೆ ಬರೆಯಿರಿ, ವಿಡಿಯೋಗಳ ಕೆಳಗೆ ಕಿವುಡರಿಗಾಗಿ ಮಾತನ್ನು ಬರೆದು ತೋರಿಸಿ, ಹೀಗೆ. ಮಾದಾಂ ಎಲ್ಲಕ್ಕೂ ಹ್ಞೂಂಗುಟ್ಟಿದರು. ಸೈಟು ದಾನಿಗಳಿಗೆ ಬಹಳ ಹಿಡಿಸಿದೆ, ಬಣ್ಣಗಳನ್ನು ತಾವೇ ಆರಿಸಿದ್ದು ಎಂದರು. ಕೊನೆಗೆ, "ಮನೆಯವರು ಯಾರಾದ್ರೂ ಅರ್ಜಿ ತುಂಬಿ ಕೊಡಬಹುದಲ್ಲಮ್ಮ," ಎಂದರು.

ಮಬ್ರೂಕಾ ಎದ್ದು ನಿಂತು, ದನಿ ಬಂದ ಕಡೆ ಬೆರಳು ತೋರಿಸಿದಳು. "ಮನೇಲಿರೋದು ನಾನೊಬ್ಳೇ. ದುಡೀತೀನಿ, ತೆರಿಗೆ ಕಟ್ತೀನಿ. ಆಸ್ಪತ್ರೆಗೆ ನಿಮ್ಮ ಫೋನು ಬಂದ್ರೆ ಎತ್ತೋಳೂ ನಾನೇ. ಇದು ನಮಗೋಸ್ಕರ ಅಂತ ದೊಡ್ಡದಾಗಿ ಬರ್ಕೊಂಡಿದೀರಂತೆ. ನಮ್ಮನ್ನೇ ಒಳಗೆ ಬಿಡ್ತಿಲ್ಲ."

ಆಗಲೇ ಮೂಲೆಯಲ್ಲಿ ಕ್ಯಾಮೆರಾ ಕ್ಲಿಕ್ಕೆಂದಿತು. ಯಾರದು ಎಂದಳು. ಸುಮ್ಮನೆ ನೆನಪಿಗೆ ಎಂದರು ಮಾದಾಂ.

ಮೂರು ತಿಂಗಳಾದಮೇಲೆ ರೇಡಿಯೋದಲ್ಲಿ ಮಾದಾಂ ಮಾತಾಡಿದರು: ನಮ್ಮ ಸೈಟು ಈಗ ಎಲ್ಲರಿಗೂ ತೆರೆದಿದೆ. ಅಂದು ಊಟದ ಬಿಡುವಿನಲ್ಲಿ ಮಬ್ರೂಕಾ ಫೋನನ್ನು ನಮ್ಮಿಬ್ಬರ ನಡುವೆ ಇಟ್ಟಳು. ಬಟನ್‌ಗಳಿಗೆ ಹೆಸರು ಬಂದಿತ್ತು. ಚಿತ್ರಗಳೂ ಮಾತಾಡತೊಡಗಿದವು. ಮೊದಲನೆಯದು, ನೀಲಿ ಉಡುಪಿನಲ್ಲಿ ಕರುಣಾಮಯಿ ಅಧ್ಯಕ್ಷೆ. ಎರಡನೆಯದೂ ಅವರೇ. ಐದನೆಯದನ್ನು ಫೋನು ತನ್ನ ಮಾಮೂಲಿ ಚಪ್ಪಟೆ ದನಿಯಲ್ಲಿ ಓದಿತು: "ಗಾಲಿಕುರ್ಚಿಯ ಹುಡುಗಿ, ಅಳುತ್ತಿರುವುದು, ನಗುತ್ತಿರುವುದಕ್ಕಿಂತ ಇದೇ ವಾಸಿ, ದೇಣಿಗೆ ಪುಟಕ್ಕೆ." ಕಚೇರಿಯವರು ತಮ್ಮತಮ್ಮಲ್ಲಿ ಗುರುತಿಗೆ ಬರೆದುಕೊಂಡದ್ದನ್ನೇ ಯಾರೋ ಎತ್ತಿ ಹಾಕಿದ್ದರು.

ಎಂಟನೆಯದು: "ಬಡ ಕುರುಡಿ, ಕೈಯೆತ್ತಿ ಸಂಘವನ್ನು ಹರಸುತ್ತಿರುವುದು."

"ಇದ್ಯಾರು ನೋಡು," ಎಂದಳು ಮಬ್ರೂಕಾ.

ನೋಡಿದೆ. "ನೀನೇ ಕಣೆ. ಅವತ್ತು ಬೆರಳು ತೋರಿಸಿ ಬೈತಿದ್ಯಲ್ಲ, ಅದು."

ಅವಳು ಕೂಗಾಡಲಿಲ್ಲ. ತಟ್ಟೆಯನ್ನು ದೂರ ತಳ್ಳಿ ಕೈಯೊರೆಸಿಕೊಂಡಳು, ಏನೋ ಕೊಳಕು ಮುಟ್ಟಿದವಳಂತೆ ಬೆರಳು ಬೆರಳನ್ನೂ. ಆಮೇಲೆ ಪುಟದ ಕೆಳಗಿದ್ದ ಅರ್ಜಿಯನ್ನು ತೆರೆದಳು. ಅಕ್ಷರದ ಒಗಟು ಇದ್ದಲ್ಲೇ ಇತ್ತು.

ಫೋನಿನಲ್ಲಿ ಯಾರನ್ನಾದರೂ ಹಿಡಿಯುವುದು ಅವಳಿಗೆ ಕಷ್ಟವಲ್ಲ. ಸೈಟು ಮಾಡಿದ ಲಸ್ಸಾದ್ ಎಂಬವನು ಹತ್ತು ನಿಮಿಷದಲ್ಲಿ ಸಿಕ್ಕಿದ. ಒಗಟಿನ ವಿಷಯ ತನಗೆ ಯಾರೂ ಹೇಳಲೇ ಇಲ್ಲವೆಂದ. ಅವಳ ಪಟ್ಟಿಯಲ್ಲಿ ಅದೇ ಮೊದಲನೆಯದು. ಅವನ ಕೈಗೆ ಬಂದದ್ದು ಎರಡನೆಯ ಹಾಳೆ ಮಾತ್ರವಂತೆ. ತೆಗೆಯಲು ಎಷ್ಟು ದಿನ ಬೇಕೆಂದು ಕೇಳಿದಳು.

"ದಿನ ಯಾಕಕ್ಕಾ? ಕಾಲು ಗಂಟೆ ಸಾಕು."

ಆ ಕಾಲು ಗಂಟೆ ಅವಳಿಗೆ ಫೋಟೋಗಿಂತ ಹೆಚ್ಚು ಹೇಸಿಗೆ ತಂದಿತು. ಎಷ್ಟು ಜನ ಆ ಬಾಗಿಲಿನಿಂದ ಹಿಂತಿರುಗಿದ್ದಾರೋ, ಯಾರಿಗೂ ಕಾಲು ಗಂಟೆ ಸಿಗಲಿಲ್ಲ ಎಂದು ಸಂಜೆಯವರೆಗೂ ಹೇಳುತ್ತಲೇ ಇದ್ದಳು.

ಸೈಟಿನಿಂದ ಅವಳ ಫೋಟೋ ತೆಗೆದುಹಾಕಲು ಮಾದಾಂ ಒಪ್ಪಲಿಲ್ಲ. ಅದನ್ನು ನೋಡಿಯೇ ಜನ ದೇಣಿಗೆ ಕೊಡುವುದು ಎಂದರು. ಗಾಲಿಕುರ್ಚಿಯ ಹುಡುಗಿಯ ಚಿತ್ರದ ವಿವರಣೆಯನ್ನು ಲಸ್ಸಾದ್ ನಾಚಿಕೊಂಡು ತಾನೇ ಅಳಿಸಿದ. ಆಗ ಮಬ್ರೂಕಾ, ತನ್ನ ಚಿತ್ರ ಇರಲಿ, ವಿವರಣೆ ತಾನು ಹೇಳಿದ್ದನ್ನು ಹಾಕು ಎಂದು ನಿಧಾನವಾಗಿ ಬರೆಸಿದಳು: "ಆಸ್ಪತ್ರೆಯ ಫೋನು ನೋಡಿಕೊಳ್ಳುವ ಮಬ್ರೂಕಾ ಕಮ್ಮೂನ್, ಈ ಸೈಟಿನಿಂದ ನಮಗೆ ಉಪಯೋಗವಿಲ್ಲವೆಂದು ಅಧ್ಯಕ್ಷೆಗೆ ಮುಖದ ಮೇಲೆ ಹೇಳುತ್ತಿರುವುದು. ಇವಳು ಯಾರನ್ನೂ ಹರಸುತ್ತಿಲ್ಲ." ಅವನು ಹಾಕಿದ.

ಈ ವಿವರಣೆ ಕಣ್ಣಿರುವವರಿಗೆ ಕಾಣುವುದಿಲ್ಲ, ಫೋನಿನಲ್ಲಿ ಕೇಳಿಸಿಕೊಳ್ಳುವವರಿಗೆ ಮಾತ್ರ. ತಿಂಗಳೊಳಗೆ ಗಾಬೆಸ್‌ನಿಂದ, ಸೂಸ್‌ನಿಂದ, ಬಿಝರ್ತ್‌ನಿಂದ ಹೀಗೆ ದೂರದೂರುಗಳಿಂದ ಅಪರಿಚಿತರು ಆಸ್ಪತ್ರೆಗೆ ಫೋನು ಮಾಡಿ, "ಮುಖದ ಮೇಲೆ ಹೇಳ್ದೋರು ನೀವೇನಾ?" ಎಂದು ನಗತೊಡಗಿದರು. ನಾನೂ ನಕ್ಕೆ. ಅವಳು ನಗಲಿಲ್ಲ.

"ನನ್ನ ಮಾತು ಹಾಕಿ ತಿಂಗಳಾಯ್ತು ನಜಾತ್, ಇನ್ನೂ ಹಾಗೇ ಇದೆ. ಸಂಘದಲ್ಲಿ ಇಪ್ಪತ್ತು ಜನ ಇದಾರೆ. ಒಬ್ರಾದ್ರೂ ಒಂದು ಸಲ ಕಣ್ಣು ಮುಚ್ಕೊಂಡು ತಮ್ಮ ಸೈಟು ಕೇಳಿದ್ರೆ, ಅವತ್ತೇ ಅದನ್ನ ಅಳಿಸಿರೋರು."

ಲಸ್ಸಾದ್ ಒಗಟು ತೆಗೆದ ದಿನವೇ ಅರ್ಜಿಯನ್ನು ಅವಳು ನಾಲ್ಕು ನಿಮಿಷದಲ್ಲಿ ಹಾಕಿದ್ದಳು. ಯಂತ್ರ ಮಂಜೂರಾಯಿತು. ಆದರೆ ಹೋಟೆಲಿನ ಸಮಾರಂಭದಲ್ಲಿ ವೇದಿಕೆಗೆ ಬಂದು ಮಾದಾಂ ಕೈಯಿಂದಲೇ ಪಡೆಯಬೇಕು, ಟಿವಿಯವರು ಬರುತ್ತಾರೆ ಎಂದು ಕಚೇರಿಯಿಂದ ತಿಳಿಸಿದರು. ಕಾವಲಿನವನ ಹತ್ತಿರ ಬಿಟ್ಟಿರಿ, ಬಂದು ಒಯ್ಯುತ್ತೇನೆ ಎಂದಳು. ಹಾಗೆ ಕೊಡುವ ಪದ್ಧತಿಯಿಲ್ಲವಂತೆ.

"ಹಾಗಾದ್ರೆ ಇಟ್ಕೊಳ್ಳಿ," ಎಂದು ಅವಳು ಫೋನು ಕೆಳಗಿಟ್ಟು ಮುಂದಿನ ಕರೆ ಎತ್ತಿಕೊಂಡಳು.