ಗಾಳಿಗೆ ಹುರಮಂಜ

ಸಿಂದಗಿಯಲ್ಲಿ ಗೇಟು, ಕಿಟಕಿ ವೆಲ್ಡಿಂಗ್ ಮಾಡುತ್ತಲೇ ಮೂವತ್ತು ದಾಟಿದ ಮೇಲೆ ನಾನು ಹತ್ತನೇ ತರಗತಿ ಪಾಸಾದೆ, ಆಮೇಲೆ ಚಿತ್ರಕಲೆ ಓದಿದೆ. ಓದು ಮುಗಿಯುವಷ್ಟರಲ್ಲಿ ಅದೇ ಕಬ್ಬಿಣದಿಂದ ಯಾತಕ್ಕೂ ಬಾರದ ಸಾಮಾನು ಮಾಡುವ ಚಟ ಹತ್ತಿತ್ತು. ಅಮೂರ್ತ ಶಿಲ್ಪ ಎಂದು ಹೇಳಿಕೊಳ್ಳುತ್ತಿದ್ದೆ. ಓಣಿಯವರು, 'ಇದಕ್ಕ ಬಾಗಿಲಾ ಎಲ್ಲಿ ಬರತೈತ್ರಿ?' ಎನ್ನುತ್ತಿದ್ದರು.

ಟ್ರ್ಯಾಕ್ಟರ್ ಟ್ರೇಲರಿನ ಹಳೇ ಪಾಟಾ, ಅಂದರೆ ಸ್ಪ್ರಿಂಗ್ ಪಟ್ಟಿಗಳನ್ನು ಬಗ್ಗಿಸಿ, ಬೆಸೆದು, ಮೇಲೆ ಎರಡು ತುದಿ ಬಾಗಿ ನಿಂತ ಆಳೆತ್ತರದ ಒಂದು ಶಿಲ್ಪ ಮಾಡಿ 'ಗಾಳಿ' ಎಂದು ಹೆಸರಿಟ್ಟೆ. ವಿಜಯಪುರದ ಪ್ರದರ್ಶನದವರು ಅದರ ಫೋಟೊ ನೋಡಿ ಆರಿಸಿದ್ದರು. ನನ್ನ ಮೊದಲ ಪ್ರದರ್ಶನ. ಕಾರಹುಣ್ಣಿಮೆಯ ಮರುದಿನ ಬಂದು ಒಯ್ಯುತ್ತೇವೆ, ಫೋಟೊದಲ್ಲಿ ಇದ್ದ ಹಾಗೆಯೇ ಇರಬೇಕು ಎಂದಿದ್ದರು.

ಹುಣ್ಣಿಮೆಯ ದಿನ ಮೋರಟಗಿಗೆ ಗೇಟು ಕೂರಿಸಲು ಹೋಗಿ ಬಂದು ನೋಡಿದರೆ, 'ಗಾಳಿ'ಯ ಎರಡೂ ತುದಿಗಳಿಂದ ಬುಡದವರೆಗೆ ಹುರಮಂಜ. ಎತ್ತಿನ ಕೋಡಿಗೆ ಹಚ್ಚುವ ಆ ಕೆಂಪು ಬಣ್ಣ. ಮೇಲೊಂದು ಗೊಂಡೆ ಬೇರೆ. ಪಕ್ಕದ ಮನೆಯ ಆಯಿ ಕೈ ಒರೆಸಿಕೊಳ್ಳುತ್ತಿದ್ದಳು.

"ಆಯಿ, ಇದೇನ್ ಮಾಡಿದಿ?"

"ನಮ್ಮ ಎತ್ತಿಗೆ ಹಚ್ಚಿ ಉಳದಿತ್ತೊ ತಮ್ಮಾ. ಹಬ್ಬದ ದಿನ ಇದೊಂದ ಬೋಳ ಕೋಡ ಇಟ್ಕೊಂಡ್ ನಿಂತಿತ್ತು."

"ಇದು ಎತ್ತಲ್ಲ ಆಯಿ. ಗಾಳಿ."

"ಗಾಳಿಗೆ ಕೋಡ ಯಾಕ ಇಟ್ಟಿ ಮತ್ತ?"

ಗೊಂಡೆ ಬಿಚ್ಚಿಟ್ಟು, ಸೀಮೆಎಣ್ಣೆ, ಚಿಂದಿ ಹಿಡಿದು ಕೂತೆ. ಸಪಾಟಾದ ಕಡೆ ಬಣ್ಣ ಬಿಟ್ಟಿತು. ಬೆಸುಗೆಯ ಗಂಟುಗಳೊಳಗೆ ಇಳಿದದ್ದು ಎಷ್ಟು ತಿಕ್ಕಿದರೂ ಬಿಡಲಿಲ್ಲ. ಆಯಿ ಹೋಳಿಗೆ ತಂದುಕೊಟ್ಟು, "ಹಬ್ಬದಾಗ ಬಣ್ಣಾ ಅಳಸಾಕ ಕುಂತಾನ ನೋಡು," ಎಂದು ಬೈದು ಹೋದಳು.

ಬೆಳಿಗ್ಗೆ ಪ್ರದರ್ಶನದ ಕಡೆಯ ಹೆಣ್ಣುಮಗಳೊಬ್ಬರು ಗಾಡಿ ತಂದರು. ಮೊಬೈಲಿನ ಫೋಟೊ ನೋಡಿದರು, ಶಿಲ್ಪ ನೋಡಿದರು.

"ಈ ಕೆಂಪು ಗೆರಿ ಫೋಟೊದಾಗ ಇಲ್ಲಲ್ರಿ?"

ನಾನು ಮತ್ತೆ ಚಿಂದಿ ಎತ್ತಿಕೊಂಡೆ. ಗೋಡೆಯಾಚೆಯಿಂದ ಆಯಿಯೇ ಉತ್ತರ ಕೊಟ್ಟಳು: "ನಾ ಹಚ್ಚಿದ್ನೆವಾ. ಚಂದಾಗಿ ಪೂರಾ ಹಚ್ಚಿದ್ದೆ. ಇವ ಕೆಡಿಸ್ಯಾನ."

ಅವರು ನಗಲಿಲ್ಲ. ಒಂದು ಸುತ್ತು ಹಾಕಿ, ಬೆಸುಗೆಯ ಮೇಲೆ ಬೆರಳಾಡಿಸಿದರು. "ಎಲ್ಲೆಲ್ಲಿ ಕೂಡಿಸೀರಿ ಅನ್ನೂದು ಈಗ ಕಾಣಾಕತ್ತೈತ್ರಿ. ಫೋಟೊಕಿಂತ ಇದ ಛಲೋ ಐತಿ. ಇನ್ನ ತಿಕ್ಕಬ್ಯಾಡ್ರಿ. ಏರಸ್ರಿ ಗಾಡಿಗೆ."

ನಾನು, ಡ್ರೈವರ್ ಕೂಡಿ ಎತ್ತಿ ಮಲಗಿಸಿದೆವು. ಆಯಿ ಗಾಡಿಯ ಹತ್ತಿರವೇ ಬಂದಳು.

"ಏ ಹುಡುಗಾ, ಕೋಡ ಮುಂದ ಮಾಡಿ ಮಲಗಸೊ. ಹಿಂದಮುಂದ ಒಯ್ದ್ರ ದಾರ್ಯಾಗ ಬೆದರತೈತಿ."

ಡ್ರೈವರ್ ನನ್ನ ಮುಖ ನೋಡಿದ. ನಾನು ಬುಡಕ್ಕೆ ಕೈ ಹಾಕಿದೆ. ಇಬ್ಬರೂ ಸೇರಿ ತಿರುಗಿಸಿ ಮಲಗಿಸಿದೆವು.