ಮೊದಲು ತುಕ್ಕಾನಟ್ಟಿ, ಆಮೇಲೆ ಹುಕ್ಕೇರಿ

ಒಂದು ಮಾತನ್ನು ಮೂರು ಸಲ ಬಾಯಿಬಿಟ್ಟು ಹೇಳಿಸಿದರೆ ಅದು ತಲೆಯಲ್ಲಿ ಗಟ್ಟಿಯಾಗಿ ಕೂರುತ್ತದೆ ಎಂದು ಯಾರಾದರೂ ಅಂದರೆ ನನಗೆ ಈಗಲೂ ಸಿಟ್ಟು ನೆತ್ತಿಗೇರುತ್ತದೆ. ಎಲ್ಲಿ ಕೂರುತ್ತದೆ ಮಣ್ಣು! ನಾನು ಹೇಳಿದ್ದೇನಲ್ಲ ಮೂರು ಸಲ, ಗೋಕಾಕದ ಮೋಟಾರು ಸ್ಟ್ಯಾಂಡಿನಲ್ಲಿ, ತುಂಬಿದ ಗಾಡಿಯ ಮಂದಿಯ ಎದುರಿಗೆ.

ಆಗ ಯುದ್ಧದ ಕಾಲ. ಪೆಟ್ರೋಲು ಸಿಗುತ್ತಿರಲಿಲ್ಲ. ನಾನು ಕಂಡಕ್ಟರಾಗಿದ್ದ ಮೋಟಾರು ಇದ್ದಿಲ ಗ್ಯಾಸಿನ ಮೇಲೆ ಓಡುತ್ತಿತ್ತು. ಓಡುತ್ತಿತ್ತು ಅನ್ನುವುದು ಅದಕ್ಕೆ ನಾವು ಕೊಡುತ್ತಿದ್ದ ಮರ್ಯಾದೆ, ಅಷ್ಟೇ. ಹಿಂದೆ ಕಟ್ಟಿದ ಡ್ರಮ್ಮಿಗೆ ಇದ್ದಿಲು ಸುರಿದು, ಬೆಂಕಿ ಹಚ್ಚಿ, ಪಂಖಾ ತಿರುವಿ ತಿರುವಿ ನನ್ನ ರಟ್ಟೆ ಬಿದ್ದುಹೋದ ಮೇಲೆ ಅದಕ್ಕೆ ಹೊರಡುವ ಮನಸ್ಸು ಬರುತ್ತಿತ್ತು. ನಡುವೆ ಎಲ್ಲಾದರೂ ಆರಿಹೋದರೆ ಮತ್ತೆ ಮೊದಲಿನಿಂದ ಅದೇ ಹಾಡು.

ಸ್ಟ್ಯಾಂಡಿನ ಏಜೆಂಟನನ್ನು ಎಲ್ಲರೂ ಕಾಕಾ ಎನ್ನುತ್ತಿದ್ದೆವು. ಅವನದೊಂದು ಕಾಯಿದೆ ಇತ್ತು. ಹೊರಡುವ ಮುಂಚೆ ಎಲ್ಲಿಗೆ, ಯಾವ ಹಾದಿಯಿಂದ ಎಂದು ಅವನು ಹೇಳಬೇಕು; ಅದನ್ನು ಡ್ರೈವರನೂ ಕಂಡಕ್ಟರನೂ ಒಂದಕ್ಷರ ಬಿಡದೆ ತಿರುಗಿ ಒಪ್ಪಿಸಬೇಕು. ತೃಪ್ತಿಯಾದರೆ ಕರಿ ಛತ್ರಿ ಮೇಲೆತ್ತುತ್ತಿದ್ದ. ಛತ್ರಿ ಏಳದೆ ಗಾಲಿ ಉರುಳುವಂತಿಲ್ಲ.

ಡ್ರೈವರ್ ಮಾಮಾ ಹುಕ್ಕೇರಿಯವನೇ. ಆ ಹಾದಿಯಲ್ಲಿ ಎಷ್ಟು ವರ್ಷ ಓಡಿಸಿದ್ದನೆಂದರೆ, ಅವನನ್ನು ಕೆಳಗಿಳಿಸಿದರೂ ಮೋಟಾರು ತಾನೇ ಹುಕ್ಕೇರಿಗೆ ಹೋದೀತು ಎಂದು ನಾವು ಚಾಷ್ಟಿ ಮಾಡುತ್ತಿದ್ದೆವು. ಆ ಚಾಷ್ಟಿ ನನ್ನ ಕುತ್ತಿಗೆಗೇ ಬಂತು.

ಒಂದು ದಿನ ಇನ್ನೂ ಬಿಸಿಲು ಬಿದ್ದಿರಲಿಲ್ಲ, ತುಕ್ಕಾನಟ್ಟಿಯಿಂದ ನನ್ನ ಹೆಂಡತಿಯ ಅಣ್ಣ ಸೈಕಲ್ ತುಳಿದುಕೊಂಡು ಬಂದ. ನನ್ನ ಹೆಂಡತಿ ಚೊಚ್ಚಲ ಹೆರಿಗೆಗೆಂದು ತವರುಮನೆಯಲ್ಲಿದ್ದಳು. "ಬ್ಯಾನಿ ಸುರು ಆಗ್ಯಾವ್ರಿ. ಆಯೀನ ಕರಕೊಂಡ ಲಗೂನ ಬರ್ರಿ" ಎಂದವನೇ ಸೈಕಲ್ ತಿರುಗಿಸಿಕೊಂಡು ಹೋದ. ಆಯಿ ಅಂದರೆ ಸೂಲಗಿತ್ತಿ. ನನ್ನ ಹೆಂಡತಿಯನ್ನು ಈ ಭೂಮಿಗೆ ಇಳಿಸಿದ ಕೈಯೂ ಅದೇ. ನನ್ನ ಅತ್ತೆಗೆ ಬೇರೆ ಯಾರ ಕೈಮೇಲೂ ನಂಬಿಕೆ ಇರಲಿಲ್ಲ. ಮುದುಕಿ ಆಗ ಗೋಕಾಕದಲ್ಲಿ ಮಗಳ ಮನೆಯಲ್ಲಿದ್ದಳು. ನಾನು ಓಡಿಹೋಗಿ ಕರೆತಂದು ಮುಂದಿನ ಸೀಟಿನಲ್ಲಿ ಕೂರಿಸಿದೆ. ಮಡಿಲಲ್ಲಿ ಗಂಟು, ದವಡೆಯಲ್ಲಿ ಎಲಿ-ಅಡಕಿ.

ಕಾಕಾ ಒಳ್ಳೆಯ ಮನಸ್ಸಿನವನು. ಹುಕ್ಕೇರಿಯ ಮಂದಿಗೆ ತಾನೇ ತಿಳಿಸಿ ಹೇಳಿ ಒಪ್ಪಿಸಿದ. ಆಮೇಲೆ ನಮ್ಮ ಕಡೆ ತಿರುಗಿದ.

"ಕೇಳ್ರೋ ಇಬ್ಬರೂ. ಇವತ್ತ ಮೊದಲ ತುಕ್ಕಾನಟ್ಟಿ. ಆಯೀನ ಬಾಗಲದಾಗ ಇಳಿಸಿ, ತಿರುಗಿ ಬಂದು, ಆಮ್ಯಾಲ ಹುಕ್ಕೇರಿ. ಹೇಳ್ರಿ."

ಮಾಮಾ ಹೇಳಿದ. ನಾನು ಹೇಳಿದೆ. ಕಾಕಾ ಮತ್ತೆ ಹೇಳಿಸಿದ. ಖುಷಿಗೆ ನಾನು ಮೂರನೆಯ ಸಲವೂ ಹೇಳಿದೆ. ತಂದೆಯಾಗುವವನಲ್ಲವೇ, ದನಿ ಸ್ಟ್ಯಾಂಡು ದಾಟಿ ಕೇಳಿಸಿರಬೇಕು. ಛತ್ರಿ ಎದ್ದಿತು.

ಊರು ದಾಟಿ ಹೋದರೆ ಹಾದಿ ಎರಡಾಗುತ್ತದೆ. ಬಲಕ್ಕೆ ತುಕ್ಕಾನಟ್ಟಿ, ಮೂಡಲಗಿ, ಎಡಕ್ಕೆ ಹುಕ್ಕೇರಿ. ಅಲ್ಲೊಂದು ಬೇವಿನ ಗಿಡ. ಅದರ ಕೆಳಗೆ ದಿನಾಲೂ ನಾಲ್ಕು ಮಂದಿ ನಮ್ಮ ಗಾಡಿಗಾಗಿ ಕುಳಿತಿರುತ್ತಿದ್ದರು. ಮೋಟಾರು ನಿಧಾನಿಸುತ್ತಲೇ ನಾನು ಜಿಗಿದೆ. ಕಾಲು ತಾನೇ ಜಿಗಿಯಿತು, ಬಾಯಿ ತಾನೇ ತೆರೆಯಿತು.

"ಹುಕ್ಕೇರಿ, ಹುಕ್ಕೇರಿ! ಹತ್ರಿ, ಲಗೂ ಹತ್ರಿ!"

ನಾಲ್ವರು ಹತ್ತಿದರು. ಅವರಲ್ಲೊಬ್ಬಳ ಬಗಲಲ್ಲಿ ಎರಡು ಕೋಳಿ. ಕೋಳಿಗಳನ್ನು ಎಲ್ಲಿ ಕೂರಿಸಬೇಕೆಂಬ ಜಗಳದಲ್ಲಿ ನಾನು ಮುಳುಗಿಹೋದೆ. ಹೊರಡು ಎಂದು ಗಾಡಿಯ ತಗಡಿಗೆ ಎರಡು ಸಲ ಬಡಿದೆ. ಹುಕ್ಕೇರಿ ಎಂಬ ಹೆಸರು ಕಿವಿಗೆ ಬಿದ್ದದ್ದೇ ತಡ, ಮಾಮಾ ಎಡಕ್ಕೆ ತಿರುಗಿಸಿದ. ಗಾಡಿಯ ತುಂಬ ಹುಕ್ಕೇರಿಗೆ ಹೋಗುವವರೇ; ಹಾದಿ ತಪ್ಪಿತು ಎಂದು ಅವರಲ್ಲಿ ಯಾರಿಗೆ ಅನ್ನಿಸಬೇಕು ಹೇಳಿ. ಆಯಿ ನಿದ್ದೆ ಹೋಗಿದ್ದಳು.

ಹುಕ್ಕೇರಿ ಇನ್ನೇನು ಒಂದು ಮೈಲಿ ಇದೆ ಅನ್ನುವಾಗ ಮುದುಕಿಗೆ ಎಚ್ಚರವಾಯಿತು. ಕಣ್ಣುಜ್ಜಿಕೊಂಡು ಮುಂದೆ ನೋಡಿದಳು, ಹಿಂದೆ ನೋಡಿದಳು.

"ಏ ತಮ್ಮಾ, ಮುಂಜಾನೆ ತುಕ್ಕಾನಟ್ಟಿಗೆ ಹೋಗೂಮುಂದ ಸೂರ್ಯಾ ಮಾರೀಗೆ ಬಡೀತಾನ. ಇವತ್ತ ಯಾಕ ಬೆನ್ನಿಗೆ ಬಿದ್ದಾನ?"

ಮಾಮಾ ಬ್ರೇಕು ಹಾಕಿದ. ಇಬ್ಬರೂ ಕೆಳಗಿಳಿದು ಜಗಳಕ್ಕೆ ಬಿದ್ದೆವು.

"ಕಾಕಾ ಏನ ಹೇಳಿದ್ದಾ?" ಎಂದೆ.

"ಮೊದಲ ತುಕ್ಕಾನಟ್ಟಿ, ಆಯೀನ ಬಾಗಲದಾಗ ಇಳಿಸಿ, ತಿರುಗಿ ಬಂದು, ಆಮ್ಯಾಲ ಹುಕ್ಕೇರಿ. ನನಗ ಗೊತ್ತಿಲ್ಲೇನಲೇ? ಹುಕ್ಕೇರಿ ಹುಕ್ಕೇರಿ ಅಂತ ಹೊಯ್ಕೊಂಡಾಂವ ಯಾರು?"

"ನಾ ಹೊಯ್ಕೊಂಡರ ನೀ ತಿರುಗಿಸಬೇಕೇನು?"

ಆ ನಡುಹಾದಿಯಲ್ಲಿ ನಿಂತು ಕಾಕಾನ ಅಪ್ಪಣೆಯನ್ನು ಇಬ್ಬರೂ ಒಂದಕ್ಷರ ತಪ್ಪದೆ ಒಬ್ಬರ ಮುಖಕ್ಕೊಬ್ಬರು ಎಸೆದೆವು. ಹೇಳುವುದರಲ್ಲಿ ನಮ್ಮನ್ನು ಮೀರಿಸುವವರು ಬೆಳಗಾವಿ ಜಿಲ್ಲೆಯಲ್ಲೇ ಇರಲಿಲ್ಲ. ಅಷ್ಟರಲ್ಲಿ ಎಂಜಿನ್ನು ಆರಿತು.

ಮೊದಲು ಬೈದವರು ಹುಕ್ಕೇರಿಯ ಮಂದಿಯೇ, ಮೊದಲು ಕೈ ಹಚ್ಚಿದವರೂ ಅವರೇ. "ಊರು ಕಣ್ಣಿಗೇ ಕಾಣಾಕತ್ತೈತಿ, ನಡಕೋಂತ ಹೋಗ್ತೇವಿ. ನೀವ್ ಮೊದಲ ಗಾಡಿ ತಿರುಗಿಸ್ರಿ ಮಾರಾಯರ" ಎಂದು ದೂಡಿ ದೂಡಿ ಗಾಡಿಯನ್ನು ತಿರುಗಿಸಿ ಕೊಟ್ಟರು. ನಾನು ಪಂಖಾ ತಿರುವಿದೆ. ಕೋಳಿಯವಳು ಮತ್ತು ಇನ್ನಿಬ್ಬರು ಹೆಂಗಸರು ಮಾತ್ರ ಸೀಟು ಬಿಟ್ಟು ಏಳಲಿಲ್ಲ. "ಇಷ್ಟೆಲ್ಲಾ ಆದಮ್ಯಾಲ ಕೂಸಿನ ಮಾರಿ ನೋಡದ ಹೋಗಾಕ ಆಗತೈತೇನು?" ಎಂದರು.

ತಿರುಗಿ ಬರುವಾಗ ನನಗೆ ಭಯವಾಗಿತ್ತು. ನಮ್ಮ ಓಣಿಯಲ್ಲೇ ಆ ವರ್ಷ ಒಬ್ಬ ಬಾಣಂತಿ ತೀರಿಕೊಂಡಿದ್ದಳು. ಅವಳ ಗಂಡ ಕಟ್ಟೆಯ ಮೇಲೆ ಕುಳಿತಿದ್ದ ರೀತಿ ಕಣ್ಣ ಮುಂದೆ ಬಂದು ಬಂದು ಹೋಗುತ್ತಿತ್ತು.

ಬೇವಿನ ಗಿಡ ಕಾಣಿಸುತ್ತಲೇ ಆಯಿ ಎದ್ದು ನಿಂತು, ಎಲೆಯ ಚೀಲದಿಂದ ಮಾಮಾನ ಹೆಗಲಿಗೊಂದು ಬಿಟ್ಟಳು. "ಈಗ ಎಲ್ಲಿಗೆ? ಹೇಳ್ರೋ."

"ತುಕ್ಕಾನಟ್ಟಿ" ಎಂದೆವು ಇಬ್ಬರೂ.

"ಬಾಯಿಲೆ ಬ್ಯಾಡ. ಗಾಲೀಲೆ ಹೇಳ್ರಿ" ಎಂದಳು.

ತುಕ್ಕಾನಟ್ಟಿ ಮುಟ್ಟಿದಾಗ ಸೂರ್ಯ ನೆತ್ತಿ ದಾಟಿದ್ದ. ಅತ್ತೆಯ ಮನೆ ಬಾಗಿಲಲ್ಲಿ ಓಣಿಯೇ ನೆರೆದಿತ್ತು. ಒಳಗಿನಿಂದ ಸಣ್ಣದೊಂದು ಅಳು ಕೇಳಿಸಿತು. ನಾನು ಕಟ್ಟೆಯ ಮೇಲೆ ಕುಸಿದು ಕೂತೆ, ಗಂಡಸು ಎಂಬುದನ್ನೂ ಮರೆತು ಅತ್ತುಬಿಟ್ಟೆ. ಹೆರಿಗೆಯನ್ನು ಅತ್ತೆಯೇ ಮಾಡಿಸಿದ್ದಳಂತೆ. ನನ್ನ ಕಡೆ ನೋಡಲೂ ಇಲ್ಲ. ಆಯಿ ಒಳಗೆ ಹೋಗಿ ಎಲ್ಲ ನೋಡಿ, ಕೂಸಿಗೆ ನೀರು ಹಾಕಿ ಹೊರಗೆ ಬಂದಳು. "ಹೆಣ್ಣ ಕೂಸು. ಎರಡೂ ಜೀವ ಚಲೋ ಅದಾವು. ಹೋಗು, ಹೊಸ್ತಲದ ಹೊರಗ ನಿಂತ ನೋಡು" ಎಂದಳು.

ಸೈಕಲ್ಲಿನ ಭಾವನಿಗೆ ಕೋಳಿಯವಳು ಅಷ್ಟರಲ್ಲೇ ಕಥೆಯನ್ನೆಲ್ಲ ಹೇಳಿ ಮುಗಿಸಿದ್ದಳು. ಅದು ನನಗಿಂತ ಮುಂಚೆ ಒಳಗೆ ಮುಟ್ಟಿತ್ತು. ನನ್ನ ಹೆಂಡತಿ ಗೋಡೆಯ ಕಡೆ ಮುಖ ಮಾಡಿಕೊಂಡೇ ಕೇಳಿದಳು:

"ಹುಕ್ಕೇರಿ ಮಂದಿಗೆಲ್ಲಾ ಜಾಗಾ ಸಿಕ್ಕತೇನ್ರಿ?"

ನಾನು ಎಂಥ ಪೆದ್ದನೆಂದರೆ, "ಮೂರು ಮಂದಿ ಹೊರಗ ಕುಂತಾರ, ಕೂಸಿನ್ನ ನೋಡಬೇಕಂತ" ಎಂದೆ.

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತ ನಗುತ್ತಲೇ ಅಳತೊಡಗಿದಳು.

"ತಾಳಲಾರದ ನಿಮ್ಮ ಹೆಸರ ಹಿಡದ ಕೂಗೇನ್ರಿ. ಓಣಿ ಮಂದಿ ಎಲ್ಲಾ ಕೇಳ್ಯಾರ."

ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಅವಳು ಅದಕ್ಕೂ ಮುಂಚೆ ನನ್ನ ಹೆಸರು ಹೇಳಿದ್ದು ಒಂದೇ ಸಲ, ಲಗ್ನದಲ್ಲಿ ಹೆಂಗಸರೆಲ್ಲ ಸೇರಿ ಒತ್ತಾಯ ಮಾಡಿ, ಗಂಡನ ಹೆಸರು ಸೇರಿಸಿ ಕಟ್ಟುವ ಒಡಪು ಹೇಳಿಸಿದಾಗ. ಆಮೇಲೆ ಸಾಯುವ ತನಕ ಮತ್ತೆ ಹೇಳಲಿಲ್ಲ.

"ಯಾವಾಗ ಕೂಗಿದಿ?" ಎಂದು ಕೇಳಿದೆ.

"ಅಣ್ಣ ಆಗಷ್ಟ ಸೈಕಲ್ ಇಳದಿದ್ದಾ. ಮೋಟಾರ ಹಿಂದನ ಬರತೈತಿ ಅಂದಾ. ಸಪ್ಪಳ ಕೇಳಸತೈತೇನಂತ ಕಿವಿ ಇಟ್ಟ ಕೂಗಿದೆ."

ಅವಳು ನನ್ನ ಹೆಸರು ಕೂಗುತ್ತಿದ್ದ ಹೊತ್ತಿಗೆ ನಾನು ಬೇವಿನ ಗಿಡದ ಕೆಳಗೆ ನಿಂತು ಹುಕ್ಕೇರಿ, ಹುಕ್ಕೇರಿ ಎಂದು ಕೂಗುತ್ತಿದ್ದೆ.