ಎರಡನೇ ಭಾನುವಾರದ ಸೈಕಲ್

ಸವಣೂರಿನಲ್ಲಿ ಖಾರ ಕೊಳ್ಳುವವರು ಮುಜಾಫರನ ಕೈರುಚಿಯನ್ನು ಹೊಗಳುತ್ತಾರೆ. ಆ ಕೈ ಅವನ ಹೆಂಡತಿ ಫರ್ಹತಳದು. ನಸುಕಿನಲ್ಲಿ ಎದ್ದು ಕಡಲೆಹಿಟ್ಟು ನಾದುವವಳು, ಕರಿದದ್ದನ್ನು ಆರಹಾಕುವವಳು, ಪ್ಯಾಕೆಟ್ಟಿನ ಬಾಯಿಗೆ ಮೇಣದಬತ್ತಿ ಹಿಡಿದು ಮುಚ್ಚುವವಳು ಅವಳೇ. ಮುಜಾಫರ ಎಂಟು ಗಂಟೆಗೆ ಇಸ್ತ್ರಿ ಅಂಗಿ ತೊಟ್ಟು ಅಂಗಡಿಯಲ್ಲಿ ಕೂರುತ್ತಾನೆ. ಆ ಅಂಗಿಯ ಇಸ್ತ್ರಿಯೂ ಅವಳದೇ.

ಇದರ ನಡುವೆ ಅವಳು ಚೀಲ ಹೊಲಿಯುತ್ತಿದ್ದಳು. ಶಿಗ್ಗಾವಿಯ ಶಾಲೆಯಲ್ಲಿ ಕಲಿಸುವ ಶ್ವೇತಾ ಮತ್ತು ಐದಾರು ಗೆಳೆಯರು ಭಾನುವಾರ ಸಣ್ಣ ಗಾಲಿಯ, ನಡುವಿನಲ್ಲಿ ಮಡಚುವ ಸೈಕಲ್ಲುಗಳ ಮೇಲೆ ತಿರುಗುತ್ತಿದ್ದರು. ಹಾನಗಲ್ಲಿನವರೆಗೆ ತುಳಿಯುವುದು, ದಣಿದರೆ ಮಡಚಿ ಬಸ್ಸಿನೊಳಗೆ ಇಟ್ಟುಕೊಂಡು ಬರುವುದು. ಅವರ ಸೈಕಲ್ಲುಗಳಿಗೆಲ್ಲ ಫರ್ಹತಳ ಚೀಲವೇ. ಶ್ವೇತಾ ಹೊಸ ಸೈಕಲ್ ತಂದಾಗ ಹಳೆಯದನ್ನು ಇವಳ ಕೈಗೆ ಕೊಟ್ಟಳು. ಎಂಟನೇ ತರಗತಿಯಲ್ಲಿ ಸರಕಾರದ ಸೈಕಲ್ ತುಳಿದಿದ್ದ ಕಾಲು ಮರೆತಿರಲಿಲ್ಲ.

ಬುರ್ಖಾ ಚೈನಿಗೆ ಸಿಗದಂತೆ ಫರ್ಹತ ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಚೈನಿಗೆ ಹೊದಿಕೆ ಮಾಡಿದಳು. ಒಂದು ಭಾನುವಾರ ಅವರ ಜೊತೆ ಹೊರಟಾಗ, ಗೊಟಗೋಡಿಯ ರಸ್ತೆಯಲ್ಲಿ ಅದನ್ನು ಕಂಡು ಗುಂಪಿನ ರುದ್ರೇಶ ನಕ್ಕ.

"ಏನ್ರಿ ಅಕ್ಕಾ, ಸೈಕಲ್ಲಿಗೂ ಪರದಾ ಹಾಕೀರಲ್ಲ!"

"ಚೈನಿನ ಎಣ್ಣಿ ನಿಮ್ಮ ಪ್ಯಾಂಟಿಗೆ ಬಡದ್ರ ಯಾರು ತಿಕ್ಕತಾರ್ರಿ?"

"ನಮ್ಮನಿಯಾಕಿ."

"ಅದಕ್ಕ ನಿಮಗ ನಗು ಬರ್ತೈತಿ."

ಮುಂದಿನ ವಾರ ರುದ್ರೇಶನ ಹೆಂಡತಿ ಒಂದು ಖಾಲಿ ಎಣ್ಣೆ ಡಬ್ಬಿ ಕೊಟ್ಟು ಕಳಿಸಿದ್ದಳು.

ಆದರೆ ಫರ್ಹತಳಿಗೆ ಆ ಸೈಕಲ್ ಬೇಕಾಗಿದ್ದುದು ತಿಂಗಳ ಎರಡನೇ ಭಾನುವಾರಕ್ಕೆ. ಅವಳ ತಾಯಿ ಕುಲಸುಮಬಿ ಮಾಸೂರಿನ ಆಚೆ, ಮದಗದ ಕೆರೆಯ ಬದಿ ಒಬ್ಬಳೇ ಇದ್ದು ಭತ್ತದ ನಾಟಿಗೆ ಹೋಗುತ್ತಿದ್ದಳು. ಬಸ್ಸುಗಳನ್ನೇ ನಂಬಿ ಹೋದರೆ ಅಲ್ಲಿ ಒಂದು ರಾತ್ರಿ ಉಳಿಯಬೇಕು. ಉಳಿದರೆ ಮರುದಿನದ ಹಿಟ್ಟು ನಾದುವವರಿಲ್ಲ. ಸೈಕಲ್ ಬಂದ ಮೇಲೆ ಲೆಕ್ಕ ಸರಿಹೋಯಿತು. ಮೊದಲ ಬಸ್ಸಿಗೆ ಸೈಕಲ್ ಮಡಚಿ ಹತ್ತಿದರೆ ಹಾವೇರಿ, ಹಿರೇಕೆರೂರು. ಅಲ್ಲಿಂದ ಬಿಚ್ಚಿ ತುಳಿದರೆ ಅಮ್ಮನ ಬಾಗಿಲು. ಎರಡು ತಾಸು ಕೂತು ಹೊರಟರೂ ಸಂಜೆಯ ರೊಟ್ಟಿಗೆ ಮನೆಯಲ್ಲಿ. ಯಾರನ್ನೂ ಕೇಳುವ ಪ್ರಸಂಗವೇ ಇಲ್ಲ.

ಸೈಕಲ್ ಮಡಚುವುದನ್ನು ಮೊದಲ ಸಲ ಕಂಡಾಗ ಕುಲಸುಮಬಿ ಬಾಯಿಗೆ ಸೆರಗು ಹಿಡಿದು ನಕ್ಕಿದ್ದಳು. "ಕೂಸು ಮುದುಡಿಕೊಂಡು ಮಲಗಿದಂಗ ಐತಲ್ಲೇ!" ಬೇವಿನ ನೆರಳಿನಲ್ಲಿ ಒಂದು ಗೋಣಿತಟ್ಟು ಹಾಸಿ, "ಇಲ್ಲಿ ಮಲಗಸು, ಪಾಪ, ನಿನ್ನ ಹೊತ್ತು ದಣದೈತಿ" ಎಂದಿದ್ದಳು. ಆಮೇಲೆ ಫರ್ಹತ ಬರುವ ಮೊದಲೇ ತಟ್ಟು ಹಾಸಿರುತ್ತಿತ್ತು.

ಇತ್ತ ಗಂಡನ ಮನೆಯಲ್ಲಿ "ಹೆಂಗೂ ಸೈಕಲ್ ಐತಲ್ಲ" ಎಂಬ ಮಾತು ಶುರುವಾಗಿತ್ತು. ಹೆಂಗೂ ಸೈಕಲ್ ಐತಲ್ಲ, ಗಿರಣಿಯಿಂದ ಹಿಟ್ಟು ತಾ. ಹೆಂಗೂ ಸೈಕಲ್ ಐತಲ್ಲ, ರೇಷನ್ ಅಕ್ಕಿ ತಾ. ಮೊದಲು ಮುಜಾಫರ ಬೈಕಿನ ಮೇಲೆ ತರುತ್ತಿದ್ದ ಕಡಲೆಯ ಚೀಲವೂ ಇವಳ ಕ್ಯಾರಿಯರಿಗೆ ಬಂತು. ಭಾರಕ್ಕೆ ಸೈಕಲ್ಲಿನ ನಡುವಿನ ಕೀಲು ಕಿರುಗುಟ್ಟತೊಡಗಿತು.

ಒಂದು ಮಧ್ಯಾಹ್ನ ಅವಳು ಬಾಂಡೆ ತಿಕ್ಕುತ್ತಿರುವಾಗ ಮುಜಾಫರ ಸೈಕಲ್ ಒಯ್ದ. ತಂದಾಗ ಅದಕ್ಕೆ ಹೊಸ ಹಸಿರು ಬಣ್ಣ. ಅವನ ಮುಖದಲ್ಲಿ ಹಬ್ಬಕ್ಕೆ ಬಟ್ಟೆ ತಂದವನ ಖುಷಿ.

"ಕೀಲಿಗೆ ವೆಲ್ಡಿಂಗ್ ಹೊಡಿಸೇನಿ. ಇನ್ನ ಎರಡು ಚೀಲ ಹೇರಿದ್ರೂ ಜಗ್ಗಂಗಿಲ್ಲ ನೋಡು."

ಫರ್ಹತ ಬೂದಿಗೈಯಿಂದ ಕೀಲು ಮುಟ್ಟಿದಳು. ಇನ್ನೂ ಬೆಚ್ಚಗಿತ್ತು.

"ಮಡಚೂದು ಹೆಂಗ್ರಿ?"

"ಮಡಚೂದು ಯಾಕ? ನಿಲ್ಲಸಾಕ ಅಂಗಳ ಐತಲ್ಲ."

"ಅಮ್ಮನ ಕಡೆ ಹೋಗಬೇಕಂದ್ರ?"

"ಬಸ್ಸಿಗೆ ಹೋಗು. ಯಾರು ಬ್ಯಾಡ ಅಂದಾರ?"

ಯಾರೂ ಬೇಡ ಅನ್ನಲಿಲ್ಲ, ನಿಜ. ಆ ತಿಂಗಳು ಮದುವೆ ಮನೆಯೊಂದಕ್ಕೆ ಖಾರ ಕೊಡುವುದಿತ್ತು. ಮುಂದಿನ ತಿಂಗಳು ಅತ್ತೆಯ ಕಣ್ಣಿನ ಆಪರೇಷನ್. ಅದರ ಮುಂದಿನ ತಿಂಗಳು ನಾದಿನಿ ಬಾಣಂತನಕ್ಕೆ ಬಂದಿದ್ದಳು. ಅವಳಿಗೆ ತನ್ನ ತಾಯಿಯ ಮನೆಗೆ ಬರಲು ಅಡ್ಡಿ ಇರಲಿಲ್ಲ.

ಫೋನಿನಲ್ಲಿ ಕುಲಸುಮಬಿ ಕೇಳುತ್ತಿದ್ದಳು. "ಈ ಐತಾರ ಬರ್ತೀಯೇನು?"

"ಬರ್ತೇನಿ ಅಮ್ಮಾ."

ನಾಲ್ಕನೇ ತಿಂಗಳು, ಒಂದು ಬುಧವಾರ, ನಾಟಿ ಮಾಡುತ್ತಿದ್ದ ಗದ್ದೆಯಲ್ಲೇ ಕುಲಸುಮಬಿ ಕುಸಿದಳು. ಮುಜಾಫರ ಕೂಡಲೇ ಕಾರು ಮಾಡಿಸಿದ. ಅಂದು ಹಿಟ್ಟು ಯಾರು ನಾದುವರು ಎಂದು ಯಾರೂ ಕೇಳಲಿಲ್ಲ.

ತಾಯಿಯನ್ನು ಮಣ್ಣು ಮಾಡಿ ಮುಗಿದ ಮೇಲೆ ಫರ್ಹತ ಬೇವಿನ ಗಿಡದ ಕೆಳಗೆ ಬಂದು ನಿಂತಳು. ಗೋಣಿತಟ್ಟು ಹಾಸಿಯೇ ಇತ್ತು. ನಾಲ್ಕು ಮೂಲೆಗೂ ಕಲ್ಲು. ಪಕ್ಕದ ಮನೆಯ ನಾಗವ್ವ ಅವಳ ಬೆನ್ನು ಸವರಿದಳು.

"ಎರಡನೇ ಐತಾರ ಬಂತಂದ್ರ ಜಾಡಿಸಿ ಹಾಸತಿದ್ಲು ನೋಡವ್ವ. ಸಂಜಿ ಆದ್ರ, 'ಇವತ್ತೇನರ ಕೆಲಸ ಬಂದಿರ್ತೈತಿ' ಅಂತಿದ್ಲು. ಈ ಸಲ ಗಾಳಿ ಜೋರು ಅಂತ ಕಲ್ಲು ಇಟ್ಟಿದ್ಲು."

ಫರ್ಹತ ಕಲ್ಲುಗಳನ್ನು ಒಂದೊಂದಾಗಿ ಎತ್ತಿಟ್ಟು ತಟ್ಟನ್ನು ಮಡಚಿ ಎದೆಗೆ ಹಿಡಿದುಕೊಂಡಳು.

ನಲವತ್ತು ದಿನ ಕಳೆದ ಮೇಲೆ ಅವಳು ಸೈಕಲ್ ತುಳಿದುಕೊಂಡು ಶಿಗ್ಗಾವಿಗೆ ಹೋದಳು. ಗುಂಪು ಶ್ವೇತಾಳ ಮನೆಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿತ್ತು. ಫರ್ಹತ ಕಬ್ಬಿಣ ಕೊಯ್ಯುವ ಗರಗಸ ಕೇಳಿದಳು.

ರುದ್ರೇಶ ಕೀಲು ತಡವಿ ನೋಡಿ ತಲೆಯಾಡಿಸಿದ. "ಅಕ್ಕಾ, ಒಳಗಿನ ತನಕ ಕರಗಿಸಿ ಬೆಸದಾರ್ರಿ. ಕೊಯ್ದ್ರ ಮಡಚಬಹುದು, ಆದ್ರ ಮತ್ತ ಗಟ್ಟಿ ಕೂಡಂಗಿಲ್ಲ. ಹತ್ತಿದ್ರ ಬೀಳ್ತೀರಿ."

"ಹತ್ತಂಗಿಲ್ರಿ. ಕೊಡ್ರಿ."

ಅವನು ಕೊಯ್ಯಲು ಮುಂದಾದ. ಅವಳು ಬಿಡಲಿಲ್ಲ. ಒಂದು ತಾಸು ಹಿಡಿಯಿತು. ಶ್ವೇತಾ ಸೈಕಲ್ಲಿನ ಇನ್ನೊಂದು ತುದಿ ಹಿಡಿದು ಕೂತಿದ್ದಳು.

ಸೈಕಲ್ ಮಡಚಿಕೊಂಡು ಫರ್ಹತ ಬಸ್ಸಿನಲ್ಲಿ ಮನೆಗೆ ಬಂದಾಗ ಮುಜಾಫರ ಬಾಗಿಲಲ್ಲಿದ್ದ.

"ಅಯ್ಯ, ಕೊಯ್ಸಿಬಿಟ್ಟಿಯೇನು? ನಾಳಿ ಕಡಲಿ ಹೆಂಗ ತರೂದು?"

ಅವಳು ಒಳಗಿನಿಂದ ಅಮ್ಮನ ಗೋಣಿತಟ್ಟು ತಂದು ಅಂಗಳದ ನೆರಳಿನಲ್ಲಿ ಹಾಸಿದಳು. ಸೈಕಲ್ಲನ್ನು ಎರಡೂ ಕೈಯಿಂದ ಎತ್ತಿ ಅದರ ಮೇಲೆ ಮಲಗಿಸಿದಳು.